ವಾಕಿ-ಟಾಕಿ ಒಳಗಿನ ಕನೆಕ್ಟರ್‌ಗಳು: ಹೆಂಗೆ ಕೆಲಸ ಮಾಡ್ತವೆ, ಹೆಂಗೆ ಬಿಡಿಸೋದು, ಹೆಂಗೆ ವಾಪಸ್ ಕೂರ್ಸೋದು

ಹೋದ ಮಳೆಗಾಲದಲ್ಲಿ ಸಕಲೇಶಪುರದ ಹತ್ರದ ಒಂದು ಕಾಫಿ ತೋಟದಿಂದ ನನ್ನ ಟೇಬಲ್‌ಗೆ ಒಂದು ವಾಕಿ-ಟಾಕಿ ಸೆಟ್ ಬಂತು. ದೂರು ಏನಪ್ಪಾ ಅಂದ್ರೆ, ಬೇರೆಯವರು ಮಾತಾಡೋದು ಇದರಲ್ಲಿ ಸ್ಪಷ್ಟವಾಗಿ ಕೇಳತ್ತೆ, ಪಿಟಿಟಿ ಬಟನ್, ಅಂದ್ರೆ ಮಾತಾಡೋವಾಗ ಒತ್ತಿ ಹಿಡಿಯೋ ಬಟನ್, ಒತ್ತಿದ್ರೆ ಕೆಂಪು ಲೈಟೂ ಉರಿಯತ್ತೆ, ಆದ್ರೆ ಇವರ ಮಾತು ಮಾತ್ರ ಆ ಕಡೆಗೆ ಹೋಗಲ್ಲ. ಅದಕ್ಕೆ ಮುಂಚೆ ಒಬ್ಬರ ಹತ್ರ ಕೊಟ್ಟು ಮೈಕ್ ಬದಲಾಯಿಸಿದ್ರಂತೆ, ಎರಡು ವಾರ ಸರಿಯಿತ್ತಂತೆ, ಆಮೇಲೆ ಮತ್ತೆ ಅದೇ ಪಾಡು, ಕೊನೆಗೆ ಬೋರ್ಡೇ ಹೋಗಿದೆ ಹೊಸ ಸೆಟ್ ತಗೊಳ್ಳಿ ಅಂತ ಹೇಳಿ ಕಳ್ಸಿದ್ರಂತೆ. ನಾನು ಬಿಚ್ಚಿ ನೋಡಿದ್ರೆ ಮೈಕೂ ಚೆನ್ನಾಗಿದೆ, ಬೋರ್ಡೂ ಚೆನ್ನಾಗಿದೆ. ಮುಂದಿನ ಕವರ್‌ನಿಂದ ಬೋರ್ಡಿಗೆ ಬರೋ ರಿಬ್ಬನ್, ಅಂದ್ರೆ ತೆಳು ಪಟ್ಟಿ ಥರದ ವೈರ್, ತನ್ನ ಸಾಕೆಟ್ ಒಳಗೆ ಒಂದು ಬದಿಗೆ ಸುಮಾರು ಅರ್ಧ ಮಿಲಿಮೀಟರ್ ಓರೆಯಾಗಿ ಕೂತಿತ್ತು. ಅಷ್ಟೇ. ಮೈಕಿನ ಲೈನ್ ಇದ್ದಿದ್ದು ಸರಿಯಾಗಿ ಆ ತುದಿಯಲ್ಲೇ. ಲಾಕ್ ಎತ್ತಿ, ರಿಬ್ಬನ್ ನೇರ ಮಾಡಿ, ಲಾಕ್ ಹಾಕಿದೆ, ಸೆಟ್ ಮಾತಾಡ್ತು.

ಇಂಥದ್ದು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯತ್ತೆ, ಯಾಕಂದ್ರೆ ಎಷ್ಟೋ ಒಳ್ಳೇ ಸೆಟ್‌ಗಳು ಇಷ್ಟು ಸಣ್ಣ ಕಾರಣಕ್ಕೆ ಕಸಕ್ಕೆ ಹೋಗ್ತವೆ. ನನ್ನ ಕೈಗೆ ಬಂದಿರೋದ್ರಲ್ಲಿ ಐಸಿ, ಅಂದ್ರೆ ಚಿಪ್, ಸುಟ್ಟಿರೋ ಕೇಸ್‌ಗಿಂತ ಕನೆಕ್ಟರ್ ಸರಿಯಾಗಿ ಕಚ್ಚಿಕೊಳ್ಳದೆ ಇರೋ ಕೇಸ್‌ಗಳೇ ಜಾಸ್ತಿ. ಅದಕ್ಕೇ ಸೋಲ್ಡರಿಂಗ್ ಐರನ್ ಬಿಸಿ ಮಾಡೋಕೆ ಮುಂಚೆ ಕನೆಕ್ಟರ್ ನೋಡಿ ಅಂತ ಎಲ್ಲರಿಗೂ ಹೇಳ್ತೀನಿ, ಹೆಂಗೆ ನೋಡ್ಬೇಕು ಅನ್ನೋದನ್ನ ಇಲ್ಲಿ ಬರೀತಾ ಇದ್ದೀನಿ.

ಮೊದಲು ಕನೆಕ್ಟರ್ ಅಂದ್ರೆ ಏನು ಅಂತ ತಲೆಯಲ್ಲಿ ಕೂರ್ಬೇಕು. ಸೋಲ್ಡರ್ ಮಾಡಿದ ಕಡೆ ಲೋಹ ಕರಗಿ ಎರಡೂ ಒಂದೇ ಆಗಿರತ್ತೆ. ಕನೆಕ್ಟರ್‌ನಲ್ಲಿ ಹಂಗಲ್ಲ, ಒಂದು ಸಣ್ಣ ಸ್ಪ್ರಿಂಗ್ ಹಲ್ಲು ಇನ್ನೊಂದು ಲೋಹದ ಪಟ್ಟಿಯನ್ನ ಒತ್ತಿಕೊಂಡು ನಿಂತಿರತ್ತೆ, ಆ ಒತ್ತಡ ಇರೋ ತನಕ ಮಾತ್ರ ಕರೆಂಟ್ ಹರಿಯೋದು. ಹಲ್ಲು ಸಾಮಾನ್ಯವಾಗಿ ಫಾಸ್ಫರ್ ಬ್ರಾಂಜ್‌ದು, ಅಂದ್ರೆ ತಾಮ್ರ ತವರ ಸೇರಿದ ಮಿಶ್ರಲೋಹ, ಬಗ್ಗಿಸಿದ್ರೂ ವಾಪಸ್ ಚಿಮ್ಮೋ ಗುಣ ಇರೋದು. ಅದರ ಮೇಲೆ ನಿಕಲ್ ಲೇಪ, ಅದರ ಮೇಲೆ ತೆಳ್ಳಗೆ ಚಿನ್ನ ಇಲ್ಲಾ ತವರ. ಕಣ್ಣಿಗೆ ನುಣ್ಣಗೆ ಕಂಡ್ರೂ ಭೂತಗನ್ನಡಿಯಲ್ಲಿ ಲೋಹದ ಮೈ ಎಲ್ಲ ಗುಡ್ಡ ಹಳ್ಳ, ಎರಡು ಮೈ ತಾಗಿದಾಗ ನಿಜವಾಗಿ ಮುಟ್ಟೋದು ಕೆಲವು ತುದಿಗಳು ಮಾತ್ರ. ಒತ್ತಡ ಜಾಸ್ತಿ ಇದ್ರೆ ಆ ತುದಿಗಳು ಚಪ್ಪಟೆ ಆಗಿ ಜಾಸ್ತಿ ಜಾಗ ಮುಟ್ಟತ್ತೆ, ಮೇಲಿನ ಕೊಳೆಯ ಪೊರೆಯನ್ನೂ ಹರಿಯತ್ತೆ. ಒತ್ತಡ ಕಮ್ಮಿ ಆದ್ರೆ, ಇಲ್ಲ ಮಧ್ಯೆ ಕಿಲುಬು ಬಂದ್ರೆ, ಸಂಪರ್ಕ ಇದ್ದೂ ಇಲ್ಲದ ಹಂಗೆ. ಒಳ್ಳೇ ಸ್ಥಿತಿಯಲ್ಲಿರೋ ಹಲ್ಲಿನ ರೆಸಿಸ್ಟೆನ್ಸ್ ಕೆಲವು ಹತ್ತು ಮಿಲಿಓಮ್ ಇರತ್ತೆ, ಸಾದಾ ಮಲ್ಟಿಮೀಟರ್‌ನಲ್ಲಿ ಅದು ಸೊನ್ನೆ ಅಂತಲೇ ಕಾಣೋದು.

ಈಗ ಆ ತೋಟದ ಸೆಟ್‌ನಲ್ಲಿ ಸ್ಪೀಕರ್ ಸರಿಯಿದ್ದು ಮೈಕ್ ಮಾತ್ರ ಯಾಕೆ ಹೋಯ್ತು ಅಂತ ಕೇಳ್ಬಹುದು. ಓರೆಯಾಗಿದ್ದ ತುದಿಯಲ್ಲಿ ಮೈಕ್ ಲೈನ್ ಇತ್ತು ಅನ್ನೋದು ಒಂದು. ಇನ್ನೊಂದು ಕಾರಣ ಎಲ್ಲ ಸೆಟ್‌ಗಳಿಗೂ ಅನ್ವಯಿಸತ್ತೆ. ಮೈಕ್‌ಗೆ ಹೋಗೋ ಕರೆಂಟ್ ಒಂದು ಮಿಲಿಆಂಪ್‌ಗಿಂತ ಕಮ್ಮಿ, ಅದರಿಂದ ಬರೋ ದನಿಯ ಸಿಗ್ನಲ್ ಕೆಲವೇ ಮಿಲಿವೋಲ್ಟ್. ಸ್ಪೀಕರ್‌ನಂಥ ಕಡೆ ವೋಲ್ಟೇಜೂ ಕರೆಂಟೂ ಸ್ವಲ್ಪ ಜಾಸ್ತಿ ಇರೋದ್ರಿಂದ ಆ ತೆಳ್ಳನೆ ಆಕ್ಸೈಡ್ ಪೊರೆಯನ್ನ ಅದು ತಾನೇ ತೂರ್ಕೊಂಡು ಹೋಗೋ ಸಾಧ್ಯತೆ ಇರತ್ತೆ. ಮೈಕಿನ ಸಿಗ್ನಲ್‌ಗೆ ಆ ಶಕ್ತಿ ಇಲ್ಲ, ಪೊರೆ ಎದುರಾದ್ರೆ ಅಲ್ಲೇ ನಿಂತುಬಿಡತ್ತೆ. ಹಂಗಾಗಿ ತೇವದ ಊರುಗಳಲ್ಲಿ ಮೊದಲು ಬರೋ ದೂರು "ನನ್ನ ಮಾತು ಕೇಳ್ತಿಲ್ಲ" ಅನ್ನೋದೇ. ಈ ದೂರು ಬಂದ ತಕ್ಷಣ ಮೈಕ್ ಕೀಳೋಕೆ ಹೋಗಬೇಡಿ.

ಬಿಚ್ಚೋ ವಿಷಯಕ್ಕೆ ಬರೋಣ. ಮೊಟ್ಟಮೊದಲು ಬ್ಯಾಟರಿ ತೆಗೆದುಬಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲ್ದು. ಆಂಟೆನಾ ಬಿಚ್ಚಿ, ವಾಲ್ಯೂಮ್ ಮತ್ತೆ ಚಾನೆಲ್ ನಾಬ್‌ಗಳನ್ನ ನೇರ ಮೇಲಕ್ಕೆ ಎಳೀರಿ, ಅವುಗಳ ಕೆಳಗೆ ದುಂಡನೆ ನಟ್ ಇದ್ರೆ ಅದನ್ನೂ ತೆಗೀರಿ. ಬ್ಯಾಟರಿ ಇದ್ದ ಜಾಗದ ಕೆಳಗಡೆ ಸಾಮಾನ್ಯವಾಗಿ ಎರಡು ಸ್ಕ್ರೂ ಇರ್ತವೆ. ಅವು ಬಂದ ಮೇಲೆ ಕೆಳಗಿನಿಂದ ಅಲ್ಯೂಮಿನಿಯಂ ಚಾಸಿಯನ್ನ, ಅಂದ್ರೆ ಒಳಗಿನ ಲೋಹದ ಚೌಕಟ್ಟನ್ನ, ಪ್ಲಾಸ್ಟಿಕ್ ಕವರ್‌ನಿಂದ ಮೆಲ್ಲಗೆ ಎಬ್ಬಿಸ್ಬೇಕು, ಗಿಟಾರ್ ಪಿಕ್ ಥರದ ಪ್ಲಾಸ್ಟಿಕ್ ತುಂಡು ಇದಕ್ಕೆ ಒಳ್ಳೇದು. ಅಪಾಯ ಇರೋದು ಇಲ್ಲೇ. ಕವರ್ ಬಿಗಿಯಾಗಿದೆ ಅಂತ ಜೋರಾಗಿ ಎಳೆದ್ರೆ ಅದು ಪಟ್ ಅಂತ ಬಿಟ್ಕೊಳ್ಳತ್ತೆ, ಕವರ್‌ಗೂ ಬೋರ್ಡಿಗೂ ಮಧ್ಯೆ ಇರೋ ಬೆರಳುದ್ದದ ರಿಬ್ಬನ್ನೋ ಸ್ಪೀಕರ್ ವೈರೋ ಆ ಏಟಿಗೇ ಹರಿಯತ್ತೆ. ಬೆರಳು ತೂರೋ ಅಷ್ಟು ಎಬ್ಬಿಸಿ, ಟಾರ್ಚ್ ಹಾಕಿ ಒಳಗೆ ನೋಡಿ, ಯಾವ ಬದಿಯಲ್ಲಿ ರಿಬ್ಬನ್ ಇದೆ ಅಂತ ಗೊತ್ತಾದ ಮೇಲೆ ಆ ಬದಿ ಕೀಲು ಅಂದ್ಕೊಂಡು ಪುಸ್ತಕ ತೆರೆದ ಹಂಗೆ ತೆರೀರಿ. ತೆರೆದ ಕೂಡಲೇ ಮೊಬೈಲ್‌ನಲ್ಲಿ ಒಂದು ಫೋಟೋ ತಗೊಳ್ಳಿ, ಆಮೇಲೆ ನೆನಪಿಡ್ತೀನಿ ಅನ್ನೋದು ಬೇಡ.

ಒಳಗೆ ಬೋರ್ಡನ್ನ ಚಾಸಿಗೆ ಹಿಡಿದಿರೋ ಸ್ಕ್ರೂಗಳು ಕಾಣ್ತವೆ. ಅವುಗಳನ್ನ ಬೇಕಿಲ್ಲದೆ ಮುಟ್ಟಬೇಡಿ. ಟ್ರಾನ್ಸ್‌ಮಿಟ್ ಮಾಡೋ ಪವರ್ ಟ್ರಾನ್ಸಿಸ್ಟರ್‌ನ ಬಿಸಿ ಆ ಚಾಸಿಗೇ ಇಳಿಯೋದು, ಬೋರ್ಡ್ ಎಬ್ಬಿಸಿದ್ರೆ ಮಧ್ಯದಲ್ಲಿ ಬಿಸಿ ಸಾಗಿಸೋ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಬೇಕಾಗತ್ತೆ.

ಇನ್ನು ರಿಬ್ಬನ್ ಕನೆಕ್ಟರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ತಪ್ಪುಗಳು ಆಗೋದು ಹೆಚ್ಚಾಗಿ ಇಲ್ಲೇ. ಜೇನಿನ ಬಣ್ಣದ ತೆಳು ಪಟ್ಟಿ ಇರತ್ತಲ್ಲ, ಅದು ಪಾಲಿಇಮೈಡ್ ಅನ್ನೋ ಪ್ಲಾಸ್ಟಿಕ್ ಹಾಳೆ, ಒಳಗೆ ತಾಮ್ರದ ಗೆರೆಗಳು. ತುದಿಯಲ್ಲಿ ಆ ಗೆರೆಗಳು ಬತ್ತಲೆಯಾಗಿ ಚಿನ್ನದ ಬೆರಳುಗಳ ಥರ ಕಾಣ್ತವೆ, ಹಿಂಬದಿಗೆ ಗಟ್ಟಿ ಪಟ್ಟಿ ಅಂಟಿಸಿರ್ತಾರೆ, ಎರಡೂ ಸೇರಿ ತುದಿಯ ದಪ್ಪ ಸಾಮಾನ್ಯವಾಗಿ 0.3 ಮಿಲಿಮೀಟರ್. ಬೆರಳಿಂದ ಬೆರಳಿಗೆ ದೂರ ಬಹಳ ಸೆಟ್‌ಗಳಲ್ಲಿ 0.5 ಮಿಲಿಮೀಟರ್, ಕೆಲವಲ್ಲಿ 1 ಮಿಲಿಮೀಟರ್. ಇದು ಹೋಗಿ ಕೂರೋ ಸಾಕೆಟ್‌ಗೆ ಜಿಫ್ ಅಂತಾರೆ, ಅಂದ್ರೆ ರಿಬ್ಬನ್ ತೂರಿಸೋವಾಗ ಬಲವೇ ಬೇಕಾಗಿಲ್ಲ ಅಂತ ಅರ್ಥ. ಲಾಕ್ ತೆರೆದಿರೋವಾಗ ಒಳಗಿನ ಹಲ್ಲುಗಳು ಬಾಯಿ ಬಿಟ್ಕೊಂಡು ಇರ್ತವೆ, ರಿಬ್ಬನ್ ಸುಮ್ನೆ ಜಾರ್ಕೊಂಡು ಹೋಗತ್ತೆ. ಲಾಕ್ ಮುಚ್ಚಿದಾಗ ಅದರ ಬುಡದ ಉಬ್ಬು ಹಲ್ಲನ್ನೋ ರಿಬ್ಬನನ್ನೋ ಅದುಮಿ ಒತ್ತಡ ಹುಟ್ಟಿಸತ್ತೆ. ಅಂದ್ರೆ ಇಲ್ಲಿ ಎಲ್ಲ ಕೆಲಸ ಮಾಡೋದು ಆ ಪುಟ್ಟ ಪ್ಲಾಸ್ಟಿಕ್ ಲಾಕ್. ಅದು ಪೂರ್ತಿ ಕೂತಿಲ್ಲ ಅಂದ್ರೆ ರಿಬ್ಬನ್ ಎಷ್ಟು ಚೆನ್ನಾಗಿ ತೂರಿದ್ರೂ ಪ್ರಯೋಜನ ಇಲ್ಲ.

ಲಾಕ್ ಎರಡು ಮೂರು ಥರ. ಒಂದರಲ್ಲಿ ರೆಪ್ಪೆ ಥರದ ಮುಚ್ಚಳ ಇರತ್ತೆ, ಉಗುರಿನಿಂದ ಎತ್ತಿದ್ರೆ ನೆಟ್ಟಗೆ ನಿಲ್ಲತ್ತೆ. ಕೀಲು ಕೆಲವಲ್ಲಿ ರಿಬ್ಬನ್ ಬರೋ ಕಡೆ, ಕೆಲವಲ್ಲಿ ಹಿಂದಿನ ಕಡೆ, ಇದನ್ನ ನೋಡ್ದೆ ತಪ್ಪು ಕಡೆಯಿಂದ ಎತ್ತಿದ್ರೆ ರೆಪ್ಪೆ ಕಿತ್ತು ಹಾರಿ ಹೋಗತ್ತೆ. ಇನ್ನೊಂದರಲ್ಲಿ ಎರಡು ಕಿವಿ ಇರ್ತವೆ, ಎರಡನ್ನೂ ಒಟ್ಟಿಗೆ ಒಂದು ಮಿಲಿಮೀಟರ್‌ನಷ್ಟು ಹೊರಗೆ ಜಾರಿಸ್ಬೇಕು, ಪೂರ್ತಿ ಎಳೆದು ಹೊರಗೆ ತೆಗಿಯೋದಲ್ಲ. ಮೂರನೇದಕ್ಕೆ ಲಾಕೇ ಇರಲ್ಲ, ಬರೀ ಬಿಗಿಯಲ್ಲಿ ನಿಲ್ಲೋದು, ಅದನ್ನ ಗಟ್ಟಿ ಪಟ್ಟಿಯ ಎರಡೂ ಬದಿ ಹಿಡಿದು ನೇರ ಎಳೀಬೇಕು. ಯಾವುದು ಅಂತ ಗೊತ್ತಾಗ್ದೆ ಇದ್ರೆ ಭೂತಗನ್ನಡಿ ಹಿಡಿದು ಅಕ್ಕಪಕ್ಕ ನೋಡಿ, ಬೇರೆ ಬಣ್ಣದ ಪ್ಲಾಸ್ಟಿಕ್ ತುಂಡು ಇದ್ರೆ ಸಾಮಾನ್ಯವಾಗಿ ಅದೇ ಲಾಕು. ಸ್ಟೀಲ್ ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಇನ್ನೊಂದು ಮಾತು, ಇವು ದಿನಾ ಬಿಚ್ಚಿ ಹಾಕೋಕೆ ಮಾಡಿರೋದಲ್ಲ. ತಯಾರಕರು ಇಂಥ ಸಾಕೆಟ್‌ಗಳಿಗೆ ಸಾಮಾನ್ಯವಾಗಿ 10ರಿಂದ 30 ಸಲ ಅಷ್ಟೇ ಲೆಕ್ಕ ಕೊಡೋದು, ಸುಮ್ನೆ ಟೆಸ್ಟ್‌ಗೆ ಅಂತ ಹತ್ತು ಸಲ ತೆಗೆದು ಹಾಕೋದು ಬೇಡ.

ರಿಬ್ಬನ್ ಹೊರಗೆ ಬಂದ ಮೇಲೆ ಅದರ ಚಿನ್ನದ ಬೆರಳುಗಳನ್ನ ಹತ್ತು ಪಟ್ಟು ದೊಡ್ಡದಾಗಿ ಕಾಣೋ ಭೂತಗನ್ನಡಿಯಲ್ಲಿ ಓರೆ ಬೆಳಕು ಬಿಟ್ಟು ನೋಡಿ. ಪ್ರತಿ ಬೆರಳ ಮೇಲೂ ಹಲ್ಲು ಉಜ್ಜಿರೋ ಒಂದು ಸಣ್ಣ ಗೀರು ಕಾಣತ್ತೆ. ನನಗೆ ಇದಕ್ಕಿಂತ ನಂಬಿಕೆಯ ಸಾಕ್ಷಿ ಬೇರೆ ಇಲ್ಲ. ಸರಿಯಾಗಿ ಕೂತಿದ್ದ ರಿಬ್ಬನ್‌ನಲ್ಲಿ ಆ ಗೀರುಗಳೆಲ್ಲ ತುದಿಯಿಂದ ಒಂದೇ ದೂರದಲ್ಲಿ, ಸ್ಕೇಲ್ ಇಟ್ಟು ಎಳೆದ ಹಂಗೆ ಸಾಲಾಗಿ ಇರ್ತವೆ. ಓರೆ ಕೂತಿದ್ರೆ ಸಾಲೂ ಓರೆ. ಆ ತೋಟದ ಸೆಟ್‌ನಲ್ಲಿ ಎಡಗಡೆ ಗೀರು ಬೆರಳಿನ ನಡುವೆ ಇತ್ತು, ಬಲಕ್ಕೆ ಹೋಗ್ತಾ ಹೋಗ್ತಾ ತುದಿಗೆ ಇಳಿದು, ಕೊನೇ ಎರಡು ಬೆರಳಲ್ಲಿ ಅಂಚಿಗೇ ಬಂದು ನಿಂತಿತ್ತು. ಅಂದ್ರೆ ಹಲ್ಲು ಅಂಚಿನಲ್ಲಿ ಹೆಂಗೋ ಮುಟ್ಕೊಂಡಿತ್ತು, ತೋಟದ ಜೀಪಿನ ಅಲುಗಾಟಕ್ಕೆ ಜಾರಿತು. ಮೈಕ್ ಬದಲಾಯಿಸಿದಾಗ ಎರಡು ವಾರ ಸರಿ ಹೋಗಿದ್ದೂ ಇದಕ್ಕೇ, ರಿಬ್ಬನ್ ತೆಗೆದು ಹಾಕಿದಾಗ ಕಾಂಟ್ಯಾಕ್ಟ್ ತಾತ್ಕಾಲಿಕವಾಗಿ ಸಿಕ್ಕಿತ್ತು. ಗೀರಿನ ಸುತ್ತ ಕಪ್ಪು ಪುಡಿ ಕಂಡ್ರೆ ಅಲುಗಾಟದಿಂದ ಲೇಪ ಸವೆದಿದೆ ಅಂತ, ತವರದ ಲೇಪ ಇರೋ ಕಡೆ ಇದು ಜಾಸ್ತಿ. ಹಸಿರು ಕಂಡ್ರೆ ಕಿಲುಬು, ನೀರು ಒಳಗೆ ಹೋಗಿದೆ, ಸೆಟ್ ಪೂರ್ತಿ ತಪಾಸಣೆ ಮಾಡ್ಬೇಕು.

ಬೋರ್ಡಿಗೆ ಬೋರ್ಡೇ ಕೂರೋ ಕನೆಕ್ಟರ್ ಇನ್ನೊಂದು ಥರ. ಕೀಪ್ಯಾಡ್ ಇಲ್ಲ ಡಿಸ್‌ಪ್ಲೇ ಬೋರ್ಡ್ ಮೇನ್ ಬೋರ್ಡಿನ ಮೇಲೆ ಗಂಡು ಹೆಣ್ಣು ಜೋಡಿಯಾಗಿ ಕೂರತ್ತೆ, ಎರಡು ಸಾಲು ಸಣ್ಣ ಹಲ್ಲು. ಇದನ್ನ ಬಿಡಿಸೋವಾಗ ನೇರ ಮೇಲಕ್ಕೆ ಎತ್ತಬೇಕು, ಒಂದು ಬದಿಯಿಂದ ಮೀಟಿದ್ರೆ ಇನ್ನೊಂದು ಬದಿಯ ಹಲ್ಲುಗಳು ಮಡಚ್ಕೊಳ್ತವೆ. ಕೂರ್ಸೋವಾಗ ಮೊದಲು ಕೈ ಬಿಗಿ ಮಾಡ್ದೆ ಮೇಲಿಟ್ಟು ಆಚೀಚೆ ಸ್ವಲ್ಪ ಆಡ್ಸಿ, ತಾನಾಗೇ ಗೂಡಿಗೆ ಬಿದ್ದ ಹಂಗೆ ಅನ್ಸತ್ತೆ, ಆಮೇಲೆ ಒತ್ತಿ. ಟಕ್ ಅಂತ ಒಂದು ಸಣ್ಣ ಶಬ್ದ ಬರತ್ತೆ. ಶಬ್ದ ಬರ್ದೆ ಗಟ್ಟಿ ಆಯ್ತು ಅಂದ್ರೆ ನಿಲ್ಸಿ, ಮತ್ತೆ ಎತ್ತಿ ನೋಡಿ.

ಸ್ಪೀಕರ್ ವೈರ್‌ಗೆ ಕೆಲವು ಸೆಟ್‌ಗಳಲ್ಲಿ ಎರಡು ಪಿನ್ನಿನ ಬಿಳೀ ಪ್ಲಗ್ ಇರತ್ತೆ, ಬಾವ್‌ಫೆಂಗ್ ಯುವಿ-5ಆರ್ ಥರದ್ದರಲ್ಲಿ ವೈರ್ ಸೀದಾ ಬೋರ್ಡಿಗೆ ಸೋಲ್ಡರ್ ಆಗಿರತ್ತೆ. ಪ್ಲಗ್ ಇದ್ರೆ ವೈರ್ ಹಿಡಿದು ಎಳೀಬೇಡಿ, ಪ್ಲಾಸ್ಟಿಕ್ ಮೈಯನ್ನ ಚಿಮಟದಲ್ಲಿ ಹಿಡಿದು ಆಚೀಚೆ ಸ್ವಲ್ಪ ಸ್ವಲ್ಪ ಎಬ್ಬಿಸಿ. ಸ್ಪೀಕರ್ ಚೆನ್ನಾಗಿದ್ಯಾ ನೋಡೋಕೆ ಮೀಟರ್ ಓಮ್‌ಗೆ ಇಟ್ಟು ಎರಡೂ ತುದಿ ಮುಟ್ಸಿ, 8 ಓಮ್ ಸ್ಪೀಕರ್ ಆದ್ರೆ ಅದಕ್ಕಿಂತ ಸ್ವಲ್ಪ ಕಮ್ಮಿ ತೋರ್ಸತ್ತೆ, ಮುಟ್ಟಿದಾಗ ಕರ್ ಅಂತ ಸಣ್ಣ ಸದ್ದೂ ಬರತ್ತೆ.

ಮುಂದೆ ಬರೀ ಒತ್ತಡದಲ್ಲೇ ನಿಲ್ಲೋ ಸ್ಪ್ರಿಂಗ್‌ಗಳು. ಬ್ಯಾಟರಿ ಪಿನ್ ಇದ್ರಲ್ಲಿ ಮುಖ್ಯ. 5 ವಾಟ್ ಸೆಟ್ 7.4 ವೋಲ್ಟ್ ಬ್ಯಾಟರಿಯಲ್ಲಿ ಟ್ರಾನ್ಸ್‌ಮಿಟ್ ಮಾಡೋವಾಗ ಸುಮಾರು ಒಂದೂವರೆ ಆಂಪ್ ಎಳೆಯತ್ತೆ. ಪಿನ್ ಕೊಳೆಯಾಗಿ ಅಲ್ಲಿ ಬರೀ ಅರ್ಧ ಓಮ್ ಸೇರ್ಕೊಂಡ್ರೂ ಮುಕ್ಕಾಲು ವೋಲ್ಟ್ ಅಲ್ಲೇ ಹೋಯ್ತು. ಕೇಳೋವಾಗ ಕರೆಂಟ್ ಕಮ್ಮಿ, ಹಂಗಾಗಿ ಏನೂ ಗೊತ್ತಾಗಲ್ಲ, ಪಿಟಿಟಿ ಒತ್ತಿದ ತಕ್ಷಣ ಸೆಟ್ ಆಫ್ ಆಗಿ ಆನ್ ಆಗತ್ತೆ. ಜನ ಬ್ಯಾಟರಿ ಹೋಗಿದೆ ಅಂತ ಹೊಸದು ತರ್ತಾರೆ. ಅದಕ್ಕೆ ಮುಂಚೆ ಬ್ಯಾಟರಿ ಮೇಲಿನ ಪಟ್ಟಿ, ಸೆಟ್ ಮೇಲಿನ ಪಿನ್, ಎರಡನ್ನೂ ಒರೆಸಿ, ಪಿನ್ ಒತ್ತಿ ಬಿಟ್ರೆ ಪೂರ್ತಿ ವಾಪಸ್ ಚಿಮ್ಮತ್ತಾ ನೋಡಿ. ಇದೇ ಥರ ಬೋರ್ಡಿನ ಅಂಚಲ್ಲಿ ಸಣ್ಣ ಬಾಗಿದ ಲೋಹದ ನಾಲಿಗೆಗಳು ಕಾಣ್ಬಹುದು, ಅವು ಬೋರ್ಡಿನ ಅರ್ಥ್ ಲೈನನ್ನ, ಅಂದ್ರೆ ಗ್ರೌಂಡನ್ನ, ಚಾಸಿಗೂ ರೇಡಿಯೋ ಅಲೆ ತಡೆಯೋ ಲೋಹದ ಶೀಲ್ಡ್‌ಗೂ ಸೇರ್ಸೋದು. ಒರೆಸೋವಾಗ ಅವು ಚಪ್ಪಟೆ ಆಗ್ಬಾರ್ದು, ಚಪ್ಪಟೆ ಆದ್ರೆ ಟ್ರಾನ್ಸ್‌ಮಿಟ್ ಮಾಡೋವಾಗ ಸೆಟ್‌ನದೇ ರೇಡಿಯೋ ಅಲೆ ಮೈಕ್ ಲೈನಿಗೆ ನುಗ್ಗಿ ಗುಂಯ್ ಅನ್ನೋ ಸದ್ದು ಬರ್ಬಹುದು. ಕೆಲವು ಎಲ್‌ಸಿಡಿಗಳ ಕೆಳಗೆ ಉದ್ದನೆ ರಬ್ಬರ್ ಕಡ್ಡಿ ಇರತ್ತೆ, ಕಪ್ಪು ಬಿಳಿ ಪದರ ಪದರ, ಕಪ್ಪು ಪದರದಲ್ಲಿ ಕರೆಂಟ್ ಹರಿಯತ್ತೆ. ಅಂಕಿಗಳಲ್ಲಿ ಗೆರೆ ಮಾಯ ಆಗಿದ್ರೆ ಹೆಚ್ಚಿನ ಸಲ ಆ ರಬ್ಬರ್ ತೆಗೆದು ಒರೆಸಿ ಕೂರ್ಸಿದ್ರೆ ಸರಿ ಹೋಗತ್ತೆ.

ಇಯರ್‌ಫೋನ್ ಜಾಕನ್ನ ಮರೀಬೇಡಿ. ಕೆನ್‌ವುಡ್ ಮಾದರಿ ಎರಡು ಪಿನ್ ಜಾಕ್, ಅಂದ್ರೆ 3.5 ಮತ್ತೆ 2.5 ಮಿಲಿಮೀಟರ್ ಎರಡು ತೂತು, ಬಹಳ ಸೆಟ್‌ಗಳಲ್ಲಿ ಇದೇ. ಇಂಥ ಜಾಕ್ ಒಳಗೆ ಎಷ್ಟೋ ಸಲ ಒಂದು ಎಲೆ ಥರದ ಸ್ವಿಚ್ ಇರತ್ತೆ, ಏನೂ ಚುಚ್ಚಿಲ್ಲದಾಗ ಅದು ಮುಚ್ಕೊಂಡು ದನಿಯನ್ನ ಒಳಗಿನ ಸ್ಪೀಕರ್‌ಗೆ ಕಳ್ಸತ್ತೆ, ಪಿನ್ ಚುಚ್ಚಿದಾಗ ತೆರ್ಕೊಂಡು ಸ್ಪೀಕರ್ ಕಡಿಯತ್ತೆ. ಸೆಕ್ಯೂರಿಟಿಯವರ ಸೆಟ್‌ಗಳಲ್ಲಿ ತಿಂಗಳುಗಟ್ಟಲೆ ಇಯರ್‌ಫೋನ್ ಚುಚ್ಚೇ ಇರೋದ್ರಿಂದ ಆ ಎಲೆ ಬಗ್ಗಿ ಹಂಗೇ ನಿಂತುಬಿಡತ್ತೆ. ಇಯರ್‌ಫೋನ್‌ನಲ್ಲಿ ಕೇಳತ್ತೆ, ತೆಗೆದ್ರೆ ಸ್ಪೀಕರ್ ಮೂಕ, ಈ ದೂರು ಬಂದ್ರೆ ಸ್ಪೀಕರ್ ಬಿಟ್ಟು ಜಾಕ್ ನೋಡಿ. ಜಾಕ್‌ಗೆ ಬೆವರು ಮಳೆನೀರು ಹೋದ್ರೆ ಪಿಟಿಟಿ ಒತ್ತದೇನೇ ಸೆಟ್ ಟ್ರಾನ್ಸ್‌ಮಿಟ್‌ನಲ್ಲೇ ಸಿಕ್ಕಿ ಹಾಕ್ಕೊಳ್ಳೋದೂ ಉಂಟು, ಆಗ ಇಡೀ ಚಾನೆಲ್ ಬಂದ್ ಆಗತ್ತೆ, ಯಾರೂ ಯಾರ ಜೊತೆಗೂ ಮಾತಾಡೋಕಾಗಲ್ಲ. ಒಣಗ್ಸಿ, ಒರೆಸಿ, ಆ ರಬ್ಬರ್ ಮುಚ್ಚಳ ಮುಚ್ಚಿಡಿ ಅಂತ ಸೆಟ್ ಬಳಸೋವರಿಗೆ ಹೇಳಿ ಕಳ್ಸಿ.

ಅನುಮಾನ ಇರೋ ಲೈನನ್ನ ಮೀಟರ್‌ನಲ್ಲಿ ನೋಡೋದು ಹಿಂಗೆ. ಬ್ಯಾಟರಿ ತೆಗೆದಿರ್ಬೇಕು. ಮೀಟರನ್ನ ಕಂಟಿನ್ಯುಟಿಗೆ, ಅಂದ್ರೆ ಲೈನ್ ಕೂಡಿದ್ರೆ ಬೀಪ್ ಅನ್ನೋ ಸ್ಥಾನಕ್ಕೆ, ಇಟ್ಟು ಒಂದು ಕಡ್ಡಿ ಮೈಕಿನ ಕಾಲಿಗೆ, ಇನ್ನೊಂದು ಸಾಕೆಟ್ ಹಿಂದೆ ಬೋರ್ಡಿಗೆ ಸೋಲ್ಡರ್ ಆಗಿರೋ ಕಾಲಿಗೆ. ಸಾಕೆಟ್‌ನ ಬಾಯಿಯೊಳಗೆ ಕಡ್ಡಿ ಚುಚ್ಚಬೇಡಿ, ಹಲ್ಲು ಅಗಲ ಆಗತ್ತೆ. ಮೀಟರ್ ಕಡ್ಡಿ ದಪ್ಪ ಅನ್ಸಿದ್ರೆ ಅದಕ್ಕೆ ಹೊಲಿಗೆ ಸೂಜಿ ಕಟ್ಕೊಳ್ಳಿ. ಬೀಪ್ ಬಂದ್ರೆ ಅಷ್ಟಕ್ಕೇ ಬಿಡಬೇಡಿ, ಬೀಪ್ ಬರ್ತಿರೋವಾಗಲೇ ರಿಬ್ಬನನ್ನ ಬೆರಳಿಂದ ಮೆಲ್ಲಗೆ ಅಲ್ಲಾಡ್ಸಿ, ಸದ್ದು ಕಡಿದು ಕಡಿದು ಬಂದ್ರೆ ಕಳ್ಳ ಸಿಕ್ಕಿದ ಹಂಗೆ. ಅಲ್ಲಾಡ್ಸಿದ್ರೂ ಸದ್ದು ಕಡಿಯದಿದ್ರೆ ಆಗ ಮೈಕ್, ಆಮೇಲೆ ಬೋರ್ಡ್.

ಒರೆಸೋಕೆ 99 ಪರ್ಸೆಂಟ್ ಐಪಿಎ, ಅಂದ್ರೆ ಐಸೊಪ್ರೊಪೈಲ್ ಆಲ್ಕೊಹಾಲ್, ಮೆತ್ತನೆ ಬ್ರಷ್, ಇಷ್ಟು ಸಾಕು. ಹಚ್ಚಿ, ಉಜ್ಜಿ, ಪೂರ್ತಿ ಆರೋಕೆ ಬಿಡಿ. ಸ್ಯಾಂಡ್‌ಪೇಪರ್, ಬ್ಲೇಡು ಬೇಡವೇ ಬೇಡ, ಆ ಚಿನ್ನದ ಪದರ ಒಂದು ಮೈಕ್ರಾನ್‌ಗಿಂತ ಎಷ್ಟೋ ತೆಳ್ಳಗಿರತ್ತೆ, ಒಂದೆರಡು ಉಜ್ಜಿಗೆ ಹೋಯ್ತು ಅಂದ್ರೆ ಆರು ತಿಂಗಳಲ್ಲಿ ಮತ್ತೆ ಬರ್ತಾರೆ. ಗಾಡಿಗೆ ಹೊಡೆಯೋ ಎಣ್ಣೆ ಸ್ಪ್ರೇನೂ ಬೇಡ, ಅಂಟಾಗಿ ಧೂಳು ಹಿಡಿಯತ್ತೆ. ಲಾಕ್ ಮುರಿದಿದ್ರೆ ಫೆವಿಕ್ವಿಕ್ ಥರದ ಅಂಟು ಹಾಕೋರಿದ್ದಾರೆ, ದಯವಿಟ್ಟು ಮಾಡ್ಬೇಡಿ, ಅದು ಹಲ್ಲಿನ ಸಂದಿಗೆ ಇಳಿಯತ್ತೆ, ಅದರ ಹೊಗೆ ಹತ್ರದ ಮೈಕ್ ಮೇಲೆ ಬಿಳೀ ಪೊರೆ ಥರ ಕೂರತ್ತೆ.

ಲಾಕ್ ಮುರಿದ್ರೆ ಸರಿಯಾದ ದಾರಿ ಸಾಕೆಟ್ ಬದಲಾಯಿಸೋದೇ, ಅದಕ್ಕೆ ಹಾಟ್ ಏರ್, ಅಂದ್ರೆ ಬಿಸಿ ಗಾಳಿಯಿಂದ ಸೋಲ್ಡರ್ ಕರಗಿಸೋ ಯಂತ್ರದಲ್ಲಿ ಕೈ ಪಳಗಿರ್ಬೇಕು. ಅಲ್ಲಿ ತನಕ ಕೆಲಸ ನಡೀಬೇಕು ಅಂದ್ರೆ, ರಿಬ್ಬನ್ನಿನ ಗಟ್ಟಿ ಪಟ್ಟಿ ಮೇಲೆ, ಚಿನ್ನದ ಬೆರಳು ಇಲ್ಲದ ಬದಿಗೆ, ಕಾಪ್ಟನ್ ಅನ್ನೋ ಬಿಸಿ ತಡೆಯೋ ತೆಳು ಟೇಪಿನ ಒಂದು ಪದರ ಅಂಟ್ಸಿ ದಪ್ಪ ಮಾಡಿ ತೂರ್ಸಿ, ಸಾಕೆಟ್ ಮೇಲೆ ಸಣ್ಣ ಫೋಮ್ ತುಂಡು ಇಟ್ಟು ಕವರ್ ಮುಚ್ಚಿದಾಗ ಅದುಮೋ ಹಂಗೆ ಮಾಡಿ. ಹಂಗೇ ಕಂಪನಿಯವರೇ ಕನೆಕ್ಟರ್ ಮೇಲೆ ಫೋಮ್ ಅಂಟ್ಸಿದ್ದು ಕಂಡ್ರೆ ಅದು ಕಸ ಅಂತ ಕಿತ್ತು ಎಸೀಬೇಡಿ, ಅದು ಅಲ್ಲಿರೋದು ಒತ್ತೋಕೇ.

ವಾಪಸ್ ಜೋಡಿಸೋವಾಗ ರಿಬ್ಬನ್ ಚಿನ್ನದ ಮುಖ ಮೊದಲು ಇದ್ದ ಕಡೆಗೇ ಇದೆಯಾ ಅಂತ ಫೋಟೋ ನೋಡಿ ಖಾತ್ರಿ ಮಾಡ್ಕೊಳ್ಳಿ. ತೂರ್ಸಿ, ತುದಿ ಮುಟ್ಟೋ ತನಕ ತಳ್ಳಿ. ರಿಬ್ಬನ್ ಮೇಲೆ ಅಡ್ಡ ಬಿಳೀ ಗೆರೆ ಇದ್ರೆ ಅದು ಸಾಕೆಟ್‌ನ ಅಂಚಿಗೆ ಸಮಾನಾಂತರವಾಗಿ ಇರ್ಬೇಕು, ಎಡಬಲ ಎರಡೂ ಕಡೆ ಕಣ್ಣಿಟ್ಟು ನೋಡಿ. ಲಾಕ್ ಎರಡೂ ತುದಿ ಒಟ್ಟಿಗೆ ಒತ್ತಿ ಮುಚ್ಚಿ, ರಿಬ್ಬನ್ ಹಿಡಿದು ಹೂವು ಎಳೆದಷ್ಟು ಮೆಲ್ಲಗೆ ಎಳೆದು ನೋಡಿ, ಅಲ್ಲಾಡ್ಬಾರ್ದು. ಕವರ್ ಮುಚ್ಚೋವಾಗ ರಿಬ್ಬನ್ ಅಂಚಿಗೆ ಸಿಕ್ಕಿ ಜಜ್ಜಿ ಹೋಗದ ಹಂಗೆ ಒಳಗೆ ಮಡಚಿ. ನೀರು ತಡೆಯೋ ರಬ್ಬರ್ ರಿಂಗ್ ಗೂಡಿನಲ್ಲಿ ಪೂರ್ತಿ ಕೂತಿದ್ಯಾ ನೋಡಿ, ಒಂದು ಸಲ ಬಿಚ್ಚಿದ ಸೆಟ್ ಮೊದಲಿನ ಥರ ನೀರು ತಡೆಯತ್ತೆ ಅಂತ ಗಿರಾಕಿಗೆ ಮಾತು ಕೊಡಬೇಡಿ.

ಸ್ಕ್ರೂ ಹಾಕೋಕೆ ಮುಂಚೆ ಆಂಟೆನಾ ಹಾಕಿ, ಬ್ಯಾಟರಿ ಹಾಕಿ ಟೆಸ್ಟ್ ಮಾಡಿ. ಆಂಟೆನಾ ಆಗ್ಲಿ, ಅದರ ಬದಲು ಟೆಸ್ಟ್‌ಗೆ ಹಾಕೋ 50 ಓಮ್ ಡಮ್ಮಿ ಲೋಡ್ ಆಗ್ಲಿ ಇಲ್ದೆ ಪಿಟಿಟಿ ಒತ್ತಬಾರ್ದು, ಪವರ್ ಟ್ರಾನ್ಸಿಸ್ಟರ್‌ಗೆ ಪೆಟ್ಟು, ಮತ್ತೆ ಆ ಸೆಟ್‌ಗೆ ಲೈಸೆನ್ಸ್ ಇರೋ ಚಾನೆಲ್‌ನಲ್ಲೇ ಟೆಸ್ಟ್ ಮಾಡ್ಬೇಕು. ಇನ್ನೊಂದು ಸೆಟ್ ಪಕ್ಕದ ರೂಮಿನಲ್ಲಿ ಒಬ್ಬರ ಕೈಗೆ ಕೊಟ್ಟು ಒಂದರಿಂದ ಹತ್ತು ಎಣಿಸಿ, ಎಣಿಸ್ತಾ ಎಣಿಸ್ತಾ ಸೆಟ್‌ನ ಬೆನ್ನು, ಬದಿ, ತಲೆ ಬೆರಳಿಂದ ತಟ್ಟಿ. ಎಲ್ಲ ಅಂಕಿನೂ ಕೇಳ್ತು ಅಂದ್ರೆ ಸ್ಕ್ರೂ ಬಿಗಿ ಮಾಡಿ.